ಮಂಡ್ಯದ ಕ್ಲಿನಿಕ್ ಕೌಂಟರಿಗೆ ಹೊರಟ ಗೆಳೆಯನಿಗೊಂದು ಪತ್ರ

ಮೈಸೂರು

ಪ್ರಿಯ ಮಹೇಶ,

ಮಂಡ್ಯದಲ್ಲಿ ಕ್ಲಿನಿಕ್ ಒಂದರ ರಿಸೆಪ್ಷನ್ನಿಗೆ ಸೇರ್ತಿದ್ದೀನಿ, ಏನೇನು ನೋಡ್ಕೋಬೇಕು ಅಂತ ನೀನು ಕೇಳಿದ್ದೆ. ಕಂಪ್ಯೂಟರು, ಬಿಲ್ಲು ಎಲ್ಲ ವಾರದಲ್ಲಿ ಕೈಗೆ ಹತ್ತುತ್ತೆ. ಕಷ್ಟ ಇರೋದು ಸರದಿಯಲ್ಲಿ.

ಸಂಜೆ ಐದೂವರೆಯಿಂದ ಎಂಟೂವರೆ ಅಂದ್ರೆ 180 ನಿಮಿಷ. ಒಬ್ಬರಿಗೆ ಏಳು ನಿಮಿಷ ಹಿಡಿದರೆ 25 ಜನ. ಹಾಗಂತ 25 ಟೋಕನ್ ಕೊಟ್ಟೆಯೋ, ಹತ್ತು ಗಂಟೆಯಾದರೂ ಬಾಗಿಲು ಹಾಕೋಕಾಗಲ್ಲ. "ಒಂದೇ ನಿಮಿಷ ಸಾರ್, ರಿಪೋರ್ಟ್ ತೋರ್ಸಿ ಬಂದ್ಬುಡ್ತೀನಿ" ಅನ್ನೋರು ಟೋಕನ್ ಇಲ್ಲದೆ ಬಾಗಿಲ ಹತ್ತಿರವೇ ನಿಂತಿರ್ತಾರೆ. ರಿಪೋರ್ಟ್ ನೋಡಿದ ಮೇಲೆ ಡಾಕ್ಟರು ಮಾತ್ರೆ ಬದಲಿಸಬೇಕು, ಬರೆದು ವಿವರಿಸಬೇಕು. ಒಂದು ನಿಮಿಷ ಐದಾಗುತ್ತೆ. ಅದಕ್ಕೇ 20ಕ್ಕೆ ನಿಲ್ಲಿಸು. ನಾಲ್ಕು ಟೋಕನ್ ಆದ ಮೇಲೆ ರಿಪೋರ್ಟ್ ತೋರಿಸೋರು ಒಬ್ಬರು ಅಂತ ಡಾಕ್ಟರ ಹತ್ತಿರ ಮೊದಲೇ ಮಾತಾಡಿಕೊಂಡು, ದಪ್ಪಕ್ಷರದಲ್ಲಿ ಬರೆದು ಅಂಟಿಸು. ಬಾಯಲ್ಲಿ ಹೇಳಿದರೆ ನಿನ್ನ ದೌಲತ್ತು ಅಂತಾರೆ, ಗೋಡೆ ಮೇಲಿದ್ದರೆ ಸುಮ್ಮನಾಗ್ತಾರೆ. ಟೋಕನ್ ಬರೆಯುವಾಗಲೇ ಊರು ಕೇಳು. ಮಳವಳ್ಳಿ, ನಾಗಮಂಗಲ ಕಡೆಯ ಹಳ್ಳಿಯವರಿಗೆ ಕೊನೇ ಬಸ್ಸಿನ ಚಿಂತೆ. ಫೋನ್ ಮಾಡಿ ಬರೆಸಿದರೆ ಮೊದಲ ನಂಬರುಗಳನ್ನ ಅವರಿಗೇ ಕೊಡು.

ಸರದಿ ಮುರಿಯಲೇಬೇಕಾದವರೂ ಇದ್ದಾರೆ. ಎದೆನೋವಿನ ಜೊತೆ ಬೆವರು, ಏದುಸಿರು, ಬಾಯಿ ಸೊಟ್ಟಗಾಗಿ ಮಾತು ತೊದಲೋದು, ಜ್ವರದ ಮಗುವಿಗೆ ಫಿಟ್ಸು, ಬಸುರಿಗೆ ರಕ್ತಸ್ರಾವ. ಇವರನ್ನ ನೇರ ಒಳಗೆ ಕಳಿಸು. ಹೆಸರು, ಫೀಸು ಆಮೇಲೆ. ಕಬ್ಬಿನ ಗದ್ದೆಯಿಂದ ಹಾವು ಕಚ್ಚಿಸಿಕೊಂಡು ಬಂದರೆ ನಡೆಸಬೇಡ, ಅಲುಗಾಡಲು ಬಿಡಬೇಡ. ಬಿಗಿಯಾಗಿ ಕಟ್ಟೋದು, ಗಾಯ ಕೊಯ್ಯೋದು ಯಾರೂ ಮಾಡದ ಹಾಗೆ ನೋಡ್ಕೋ. ಡಾಕ್ಟರಿಗೆ ಹೇಳಿ, ಅವರು ನೋಡುತ್ತಿರುವಾಗಲೇ 108ಕ್ಕೆ ಫೋನ್ ಹಚ್ಚು. ವಿಷಕ್ಕೆ ಕೊಡೋ ಇಂಜೆಕ್ಷನ್ ಸಣ್ಣ ಕ್ಲಿನಿಕ್ಕುಗಳಲ್ಲಿ ಸಾಮಾನ್ಯವಾಗಿ ಇರಲ್ಲ, ಮಂಡ್ಯದ ಸರ್ಕಾರಿ ದೊಡ್ಡಾಸ್ಪತ್ರೆ ಮಿಮ್ಸ್‌ಗೇ ಹೋಗಬೇಕು.

ಇನ್ನು ಹೆಸರು. ನಮ್ಮ ಸೀಮೆಯಲ್ಲಿ ಒಂದೇ ಸಂಜೆ ಮೂವರು ಮಹದೇವಮ್ಮ, ಇಬ್ಬರು ಪುಟ್ಟಸ್ವಾಮಿ ಬಂದರೆ ಆಶ್ಚರ್ಯವೇನಿಲ್ಲ. ಕಂಪ್ಯೂಟರಿನಲ್ಲಿ ಫೋನ್ ನಂಬರ್ ಹೊಡೆದರೆ ಸಿಗುತ್ತೆ ಅನ್ಕೊಂಡ್ರೆ ಅದೂ ಇಲ್ಲ. ಮನೆಮಂದಿಗೆಲ್ಲ ಮೊಮ್ಮಗನ ಮೊಬೈಲೇ ನಂಬರು. ಹೆಸರು, ಗಂಡನ ಅಥವಾ ಅಪ್ಪನ ಹೆಸರು, ಊರು, ವಯಸ್ಸು, ಫೋನ್ ಯಾರದ್ದು, ಐದನ್ನೂ ಬರಿ. ರಿಪೋರ್ಟ್ ಕೈಗೆ ಕೊಡುವಾಗ "ನೀವು ಮಹದೇವಮ್ಮ ಅಲ್ವಾ?" ಅಂತ ಮಾತ್ರ ಕೇಳಬೇಡ. ಕಿವಿ ಮಂದವಾದ ಅಜ್ಜಿ ಏನು ಕೇಳಿದರೂ "ಹ್ಞೂಂ ಕನಪ್ಪ" ಅಂತಾರೆ. "ನಿಮ್ಮ ಹೆಸರೇನವ್ವ, ಯಾವೂರು, ಯಜಮಾನ್ರ ಹೆಸರೇನು?" ಅಂತ ಕೇಳಿ, ಅವರ ಬಾಯಿಂದಲೇ ಬಂದಿದ್ದನ್ನ ಫೈಲಿನ ಜೊತೆ ತಾಳೆ ನೋಡು. ಒಬ್ಬರ ಸಕ್ಕರೆ ರಿಪೋರ್ಟಿಗೆ ಇನ್ನೊಬ್ಬರು ಮಾತ್ರೆ ನುಂಗೋದು ಹೀಗೇ.

ಸಕ್ಕರೆ ಅಂದಾಗ ನೆನಪಾಯ್ತು. ಖಾಲಿ ಹೊಟ್ಟೆ ಪರೀಕ್ಷೆಗೆ ಎಂಟು ಗಂಟೆ ಏನೂ ತಿಂದಿರಬಾರದು, ನೀರು ಕುಡಿಯಬಹುದು. "ತಿಂಡಿ ತಿಂದಿದ್ದೀರಾ?" ಅಂದ್ರೆ ಇಲ್ಲ ಅಂತಾರೆ, ಕಾಫಿ ಅವರ ಲೆಕ್ಕದಲ್ಲಿ ತಿಂಡಿಯಲ್ಲ. "ಬೆಳಿಗ್ಗೆಯಿಂದ ಬಾಯಿಗೆ ಏನು ಹಾಕಿದ್ದೀರಿ?" ಅಂತ ಕೇಳು. ಊಟದ ನಂತರದ್ದಕ್ಕೆ ತಿನ್ನೋಕೆ ಶುರು ಮಾಡಿದ ಹೊತ್ತಿಂದ ಎರಡು ಗಂಟೆ. ಆ ಟೈಮನ್ನ ಚೀಟಿ ಮೇಲೆ ಬರೆದುಕೊಡು. ಆವತ್ತು ಬೆಳಗಿನ ಮಾತ್ರೆ ತಗೋಬೇಕೋ ಬೇಡವೋ ಅನ್ನೋದನ್ನ ಡಾಕ್ಟರ ಕೈಲೇ ಹೇಳಿಸು. ಫೋನಿನಲ್ಲೂ ಅಷ್ಟೇ, ಮಾತ್ರೆಯ ಮಾತು ನಿನ್ನ ಬಾಯಿಂದ ಬರಬಾರದು.

"ಏನು ತೊಂದ್ರೆ?" ಅಂತ ಹಾಲ್ ತುಂಬ ಕೇಳೋ ಹಾಗೆ ವಿಚಾರಿಸಬೇಡ. ಅಲ್ಲಿ ಕೂತವರಲ್ಲಿ ಯಾರೋ ಒಬ್ಬರು ಬೀಗರ ಕಡೆಯವರು ಇದ್ದೇ ಇರ್ತಾರೆ. ವಾಟ್ಸಾಪಿನಲ್ಲಿ ರಿಪೋರ್ಟ್ ಕಳಿಸೋದು ಫೈಲಿನಲ್ಲಿರೋ ನಂಬರಿಗೆ ಮಾತ್ರ, ಅದೂ ರೋಗಿಯನ್ನ ಕೇಳಿ. "ನಮ್ ಸೊಸೆ ಬಂದಿದ್ಲಂತೆ, ಏನಂದ್ರು?" ಅನ್ನೋ ಫೋನಿಗೆ ಉತ್ತರ ಇಲ್ಲ.

ಕ್ಲಿನಿಕ್ಕಿನಲ್ಲಿ ಸ್ಕ್ಯಾನಿಂಗ್ ಇದ್ದರೆ ಇನ್ನೂ ಹುಷಾರು. 2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಭ್ರೂಣದ ಲಿಂಗ ಪತ್ತೆ ನಡೀತಿದ್ದದ್ದು ಬಯಲಾಯ್ತಲ್ಲ, ಆ ಜಿಲ್ಲೆ ಅದು. ಲಿಂಗ ಪತ್ತೆ ತಡೆಯೋ 1994ರ ಕಾಯ್ದೆ ಪ್ರಕಾರ ಗಂಡೋ ಹೆಣ್ಣೋ ಅನ್ನೋದನ್ನ ಮಾತಲ್ಲಿರಲಿ, ಸನ್ನೆಯಲ್ಲೂ ಹೇಳೋ ಹಾಗಿಲ್ಲ. ಪ್ರತಿ ಬಸುರಿಯ ಸ್ಕ್ಯಾನಿಗೂ ಆ ಕಾಯ್ದೆಯ ಎಫ್ ಫಾರಂ ತುಂಬಬೇಕು, ಎರಡು ವರ್ಷ ಜೋಪಾನವಾಗಿಡಬೇಕು. ಒಂದು ಕಾಲಂ ಖಾಲಿ ಬಿಟ್ಟರೂ ಕಾನೂನು ಅದನ್ನ ಬರೀ ಮರೆವು ಅಂತ ಬಿಡಲ್ಲ. ಆ ಫಾರಂಗೆ ಬಸುರಿಯ ಸಹಿ ಆಗದೆ ಯಾರನ್ನೂ ಸ್ಕ್ಯಾನಿಗೆ ಒಳಗೆ ಕಳಿಸಬೇಡ, ರಶ್ ಎಷ್ಟಿದ್ದರೂ ಸರಿ.

ದುಡ್ಡಿನದ್ದು ದೊಡ್ಡ ವಿದ್ಯೆಯಲ್ಲ. ಫೀಸಿನ ಪಟ್ಟಿ ಕಣ್ಣಿಗೆ ಕಾಣೋ ಕಡೆ ಇರಲಿ. ಯಾರಾದರೂ ಫೋನ್‌ಪೇ ಸ್ಕ್ರೀನ್‌ಶಾಟ್ ತೋರಿಸಿದರೆ ನಂಬಬೇಡ, ನಿಮ್ಮ ಕಡೆ ಬಂದಿದೆಯಾ ಅಂತ ನೋಡು. ಹತ್ತು ಇಪ್ಪತ್ತರ ಚಿಲ್ಲರೆ ಸಂಜೆಗೆ ಮೊದಲೇ ಡ್ರಾಯರಿನಲ್ಲಿ ತುಂಬಿಟ್ಕೋ.

ಸೇರೋಕೆ ಮುಂಚೆ ಒಂದು ಸಂಜೆ ಆ ಹಾಲಿನಲ್ಲಿ ರೋಗಿಗಳ ಜೊತೆ ಕೂತು ನೋಡಿ ಬಾ. ಡಾಕ್ಟರು ಒಬ್ಬರಿಗೆ ಎಷ್ಟು ನಿಮಿಷ ತಗೋತಾರೆ ಅಂತ ಗಡಿಯಾರ ಹಿಡಿದು ಬರೆದು ಕಳಿಸು, ಟೋಕನ್ ಲೆಕ್ಕ ಆಮೇಲೆ ಸರಿ ಮಾಡೋಣ.

ಇಂತಿ ನಿನ್ನ,
ಗೆಳೆಯ