ಸ್ಟೀರಿಯೋ ಸ್ಲೈಡ್‌ಗಳ ಮೌಂಟಿಂಗ್ ಕೆಡಿಸಿ, ತಪ್ಪನ್ನು ಪ್ರೊಜೆಕ್ಟರ್ ಮೇಲೆ ಹೊರಿಸಿರುವ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಸ್ಲೈಡ್ ಮೌಂಟಿಂಗ್ ವಿಭಾಗ,
ಬೆಂಗಳೂರು

ಮಾನ್ಯರೇ,

ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯದಲ್ಲಿ ತೆಗೆದ ಸ್ಟೀರಿಯೋ ಸ್ಲೈಡ್ ಫಿಲ್ಮನ್ನು (ಎರಡು ಕಣ್ಣಿಗೂ ಬೇರೆ ಬೇರೆ ಚಿತ್ರವಿದ್ದು, ಜೋಡಿಯಾಗಿ ನೋಡಿದಾಗ ಆಳ ಕಾಣಿಸುವಂಥದ್ದು) ಪ್ರೊಜೆಕ್ಷನ್‌ಗೆ ಮೌಂಟ್ ಮಾಡಿಕೊಡಿ, ಅಂದರೆ ಜೋಡಿ ಜೋಡಿಯಾಗಿ ಚೌಕಟ್ಟಿನಲ್ಲಿ ಕೂರಿಸಿಕೊಡಿ ಎಂದು ನಿಮಗೆ ಒಪ್ಪಿಸಿದ್ದೆ. ಹಣ ಮುಂಗಡವಾಗಿಯೇ ಪೂರ್ತಿ ಸಂದಾಯವಾಗಿದೆ. ಚಿಕ್ಕಬಳ್ಳಾಪುರದಲ್ಲಿ ಮಿತ್ರರ ಮುಂದೆ ಆ ಸ್ಲೈಡ್‌ಗಳನ್ನು ತೋರಿಸಿದಾಗ ನಾಲ್ಕಾರು ಚಿತ್ರ ದಾಟುವಷ್ಟರಲ್ಲಿ ಹಿರಿಯರೊಬ್ಬರು 3ಡಿ ಕನ್ನಡಕ ತೆಗೆದಿಟ್ಟು ಹಣೆ ಒತ್ತಿಕೊಳ್ಳತೊಡಗಿದರು. ನಿಮಗೆ ಫೋನ್ ಮಾಡಿದರೆ, ‘ಪ್ರೊಜೆಕ್ಟರ್ ಸರಿಯಾಗಿ ಹೊಂದಿಸಿಕೊಳ್ಳಿ ಸರ್’ ಎಂಬ ಉಪದೇಶ ಸಿಕ್ಕಿತು. ಈ ಪತ್ರ ಬರೆಯುವಂತೆ ಮಾಡಿದ್ದು ಆ ಉಪದೇಶವೇ.

ನನ್ನ ಬಳಿ ಎಡಗಣ್ಣಿನ ಚಿತ್ರಕ್ಕೊಂದು, ಬಲಗಣ್ಣಿನ ಚಿತ್ರಕ್ಕೊಂದು ಪ್ರೊಜೆಕ್ಟರ್ ಇವೆ. ಎರಡರ ಮುಂದೆಯೂ, ಕನ್ನಡಕದ ಜೊತೆ ಸೇರಿ ಆಯಾ ಕಣ್ಣಿಗೆ ಅದರದೇ ಚಿತ್ರ ತಲುಪಿಸುವ ಪೋಲರಾಯ್ಡ್ ಫಿಲ್ಟರ್, ಎದುರಿಗೆ ಲೋಹದ ಲೇಪವಿರುವ ತೆರೆ. ಗೆರೆಗಳಿರುವ ಪರೀಕ್ಷಾ ಸ್ಲೈಡ್ ಹಾಕಿ ಒಮ್ಮೆ ಹೊಂದಿಸಿದ ಮೇಲೆ ಪ್ರದರ್ಶನ ಮುಗಿಯುವವರೆಗೂ ಅವುಗಳನ್ನು ಮುಟ್ಟುವಂತಿಲ್ಲ. ನಾನೇ ಹಿಂದೆ ಮೌಂಟ್ ಮಾಡಿದ ಸ್ಲೈಡ್‌ಗಳು ಅದೇ ಹೊಂದಾಣಿಕೆಯಲ್ಲಿ ಕದಲದೆ ನಿಲ್ಲುತ್ತವೆ. ನಿಮ್ಮವು ಒಂದು ಮೇಲೆ, ಮುಂದಿನದು ಕೆಳಗೆ, ಅದರಾಚೆಯದು ಓರೆ. ದೋಷ ಪ್ರೊಜೆಕ್ಟರಿನದಾಗಿದ್ದರೆ ಎಲ್ಲವೂ ಒಂದೇ ರೀತಿ ತಪ್ಪಬೇಕಿತ್ತು. ಪ್ರತಿ ಸ್ಲೈಡಿಗೂ ಒಬ್ಬರು ಕತ್ತಲಲ್ಲಿ ನಿಂತು ತಿರುಪು ತಿರುಗಿಸುತ್ತಿರಬೇಕು ಎಂಬುದು ನಿಮ್ಮ ಅಭಿಪ್ರಾಯವೇ?

ಫಿಲ್ಮಿನ ಮೇಲಿನ ಅರ್ಧ ಮಿಲಿಮೀಟರ್ ನಿಮ್ಮ ಮೇಜಿನ ಮೇಲೆ ಲೆಕ್ಕಕ್ಕೆ ಬಾರದಿರಬಹುದು. ಸುಮಾರು 23 ಮಿ.ಮೀ. ಅಗಲದ ಚಿತ್ರ ಒಂದೂವರೆ ಮೀಟರ್ ತೆರೆಯನ್ನು ತುಂಬಿದಾಗ ಅದೇ ಅರ್ಧ ಮಿಲಿಮೀಟರ್ ಮೂರು ಸೆಂಟಿಮೀಟರ್ ಮೀರುತ್ತದೆ. ಒಂದು ಕಣ್ಣನ್ನು ಮೇಲಕ್ಕೂ ಇನ್ನೊಂದನ್ನು ಕೆಳಕ್ಕೂ ತಿರುಗಿಸಿ ನೋಡುವುದು ಯಾರಿಂದಲೂ ಆಗದ ಕೆಲಸ. ಅಡ್ಡ ಅಂತರದ ಕಥೆಯೂ ಇಷ್ಟೆ. ನಂದಿ ಬೆಟ್ಟ ಹಿನ್ನೆಲೆಯಲ್ಲಿರುವ ಸ್ಲೈಡಿನಲ್ಲಿ ಬೆಟ್ಟದ ತುದಿಯ ಎರಡು ಬಿಂಬಗಳ ನಡುವೆ ತೆರೆಯ ಮೇಲೆ 130 ಮಿ.ಮೀ. ಇದೆ; ಅಳೆದು ನೋಡಿದ್ದೇನೆ. ನಮ್ಮ ಎರಡು ಕಣ್ಣುಗಳ ನಡುವೆ ಇರುವುದೇ ಸುಮಾರು 65; ಬಿಂಬಗಳು ಅದಕ್ಕಿಂತ ದೂರವಾದರೆ ಕಣ್ಣುಗಳೆರಡೂ ಹೊರಕ್ಕೆ ತಿರುಗಬೇಕಾಗುತ್ತದೆ.

ಕಲ್ಯಾಣ ಮಂಟಪದ ಕರಿಕಲ್ಲಿನ ಕಂಬಗಳ ಸ್ಲೈಡಿನಲ್ಲಿ ಎಡಬಲವೇ ಅದಲುಬದಲಾಗಿದೆ. ಕೆತ್ತನೆಯ ಉಬ್ಬೆಲ್ಲ ತಗ್ಗಾಗಿ, ಕಂಬ ಕಡುಬಿನ ಅಚ್ಚಿನ ಒಳಮೈಯಂತೆ ಕಾಣುತ್ತದೆ. ಇದನ್ನು ಪತ್ತೆಹಚ್ಚಲು ಯಾವ ಉಪಕರಣವೂ ಬೇಡ. ಎರಡೂ ಚಿತ್ರಗಳನ್ನು ಬೆಳಕಿಗೆ ಹಿಡಿದರೆ, ಹಿಂದಿನ ಗೋಡೆಗೆ ಹೋಲಿಸಿದಾಗ ಹತ್ತಿರದ ಕಂಬ ಯಾವುದರಲ್ಲಿ ಹೆಚ್ಚು ಬಲಕ್ಕಿದೆಯೋ ಅದು ಎಡಗಣ್ಣಿನದು. ನೋಡುವ ವ್ಯವಧಾನ ಇರಬೇಕು, ಅಷ್ಟೆ.

ಎಲ್ಲಕ್ಕಿಂತ ಸಿಟ್ಟು ತರಿಸಿದ್ದು ದೇವಾಲಯದ ಕಲ್ಯಾಣಿಯಾದ ಶೃಂಗಿ ತೀರ್ಥದ ಸ್ಲೈಡ್. ನನ್ನದು ಸ್ಟೀರಿಯೋ ರಿಯಲಿಸ್ಟ್ ಕ್ಯಾಮೆರಾ. ಅದರಲ್ಲಿ ಒಂದು ಜೋಡಿಯ ಎರಡು ಚಿತ್ರಗಳು ಫಿಲ್ಮಿನಲ್ಲಿ ಅಕ್ಕಪಕ್ಕ ಬೀಳುವುದಿಲ್ಲ. ನಡುವೆ ಬೇರೆ ಜೋಡಿಗಳಿಗೆ ಸೇರಿದ ಎರಡು ಚಿತ್ರಗಳು ಇರುತ್ತವೆ. ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ಪೊಟ್ಟಣದ ಮೇಲೆಯೇ ಅಂಟಿಸಿದ್ದೆ. ನಿಮ್ಮವರು ಪಕ್ಕಪಕ್ಕದವನ್ನೇ ಕತ್ತರಿಸಿ ಜೋಡಿ ಕಟ್ಟಿದ್ದಾರೆ. ಎಡಗಣ್ಣಿಗೆ ಕಲ್ಯಾಣಿಯ ಮೆಟ್ಟಿಲಿಳಿಯುತ್ತಿರುವ ಹಸಿರು ಲಂಗದ ಹುಡುಗಿ. ಬಲಗಣ್ಣಿಗೆ ಅದೇ ಮೆಟ್ಟಿಲು, ಹುಡುಗಿ ಇಲ್ಲ. ತೆರೆಯ ಮೇಲೆ ಅವಳು ದೆವ್ವದಂತೆ ಮಿನುಗುತ್ತಾಳೆ. ಅವಳ ನಿಜವಾದ ಜೋಡಿ ಇನ್ನೊಂದು ಮೌಂಟಿನಲ್ಲಿ ಸಿಕ್ಕಿಕೊಂಡಿದೆ. ಅದನ್ನು ಕತ್ತರಿಸುವಾಗ ಕತ್ತರಿ ಚಿತ್ರದೊಳಗೇ ಹಾದಿದೆ. ಸ್ಲೈಡ್ ಫಿಲ್ಮಿಗೆ ನೆಗೆಟಿವ್ ಇರುವುದಿಲ್ಲ, ಹೋದದ್ದು ಹೋಯಿತು.

ಮೌಂಟಿನ ಗಾಜಿನ ಒಳಗಿರುವ ಬೆರಳಚ್ಚು, ಧೂಳಿನ ವಿಚಾರವನ್ನು ಇಲ್ಲಿ ಬೆಳೆಸುವುದಿಲ್ಲ.

ಸ್ಲೈಡ್‌ಗಳನ್ನು ನಿಮ್ಮ ಖರ್ಚಿನಲ್ಲೇ ತರಿಸಿಕೊಂಡು, ಜೋಡಿಗಳನ್ನು ಸರಿಪಡಿಸಿ, ಅಳತೆಯ ಗೇಜ್ ಮೇಲಿಟ್ಟು ಹೊಸ ಮೌಂಟ್‌ಗಳಲ್ಲಿ ಕೂರಿಸಿಕೊಡಬೇಕು. ಇನ್ನು ಮುಂದೆ ಫಿಲ್ಮಿಗೆ ಕತ್ತರಿ ತಾಗಿಸಕೂಡದು. ಕಳುಹಿಸುವ ಮುನ್ನ ಯಾರಾದರೂ ಎರಡೂ ಕಣ್ಣು ತೆರೆದು ಒಂದೊಂದನ್ನೂ ನೋಡಿರಬೇಕು. ಹಾಳಾದ ಚಿತ್ರಕ್ಕೆ ಪರಿಹಾರ ಎಷ್ಟೆಂಬುದನ್ನು ನೀವೇ ಬರೆದು ತಿಳಿಸಿ. ‘ಎಲ್ಲವನ್ನೂ ಸ್ಕ್ಯಾನ್ ಮಾಡಿ ಪೆನ್ ಡ್ರೈವ್‌ನಲ್ಲಿ ಕೊಡುತ್ತೇವೆ’ ಎಂಬ ನಿಮ್ಮ ಸಲಹೆ ನನಗೆ ಬೇಡ.

ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ ಚಿಕ್ಕಬಳ್ಳಾಪುರದ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ದಾಖಲಿಸುತ್ತೇನೆ. ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದೆಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಹಾಗಾಗಿ ಓಡಾಟದ ಪಾಡು ನಿಮ್ಮದಾಗುತ್ತದೆ. ರಸೀದಿಯ ಪ್ರತಿಯನ್ನೂ, ಪೊಟ್ಟಣದ ಮೇಲೆ ಅಂಟಿಸಿದ್ದ ಚೀಟಿಯ ಫೋಟೋವನ್ನೂ ಲಗತ್ತಿಸಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
(ಸಹಿ)
ಚಿಕ್ಕಬಳ್ಳಾಪುರ