ಸೊಪ್ಪಿನ ವೇಷ ಬಿಡಿ, ಹಾಡಿಯ ಅಜ್ಜಿಯನ್ನು ಕರೆಯಿರಿ

ಮಾನ್ಯ ಸಂಪಾದಕರೇ,

ಆಗಸ್ಟ್ 9ರ ವಿಶ್ವ ಆದಿವಾಸಿ ದಿನ ಬಂತೆಂದರೆ ಕೆಲವು ಶಾಲೆಗಳಲ್ಲಿ ಪುಟ್ಟ ಮಕ್ಕಳ ಮುಖಕ್ಕೆ ಮಸಿ ಬಳಿದು, ಸೊಂಟಕ್ಕೆ ಸೊಪ್ಪು ಕಟ್ಟಿ, ಕೈಗೊಂದು ಬಿಲ್ಲು ಕೊಟ್ಟು ಫೋಟೊ ತೆಗೆದರೆ ಕಾರ್ಯಕ್ರಮ ಮುಗಿಯಿತು. ಅದೇ ತರಗತಿಯಲ್ಲಿ ಜೇನುಕುರುಬರದ್ದೋ ಯರವರದ್ದೋ ಒಂದು ಮಗು ಕೂತಿರುತ್ತದೆ. ಅದರ ಅಪ್ಪ ಪ್ಯಾಂಟು ತೊಟ್ಟು ಕಾಫಿ ತೋಟದ ಕೆಲಸಕ್ಕೆ ಹೋಗುವವರು. ಈ ವೇಷ ಯಾರದ್ದು ಎಂದು ಆ ಮಗು ಕೇಳಿದರೆ ಏನು ಹೇಳುತ್ತೀರಿ?

ಚಿಕ್ಕ ಮಕ್ಕಳು ಮುಟ್ಟಿ, ಮೂಸಿ, ಕುಣಿದು ಕಲಿಯುವವರು. ಹಾಡಿಗಳೇ, ಅಂದರೆ ಆದಿವಾಸಿಗಳ ಪುಟ್ಟ ಊರುಗಳೇ, ತುಂಬಿರುವ, ನಮ್ಮ ಕೊಡಗಿನ ಪಕ್ಕದ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಆಟ, ಚಟುವಟಿಕೆಗಳಿಂದ ಕಲಿಸುವ ನಲಿ-ಕಲಿ ಪದ್ಧತಿ ಶುರುವಾದದ್ದೂ ಇದೇ ನಂಬಿಕೆಯ ಮೇಲೆ. ನಮ್ಮ ಅಂಗನವಾಡಿ ಮತ್ತು ಒಂದರಿಂದ ಮೂರನೇ ತರಗತಿಗಳಿಗೆ ಹಾಡಿಯ ಪಾಠ ತರಲು ದೊಡ್ಡ ಖರ್ಚೇನೂ ಬೇಡ.

ನಾಲ್ಕು ಬಗೆಯ ಜೇನುನೊಣಗಳಿಂದ ಆರಂಭಿಸಬಹುದು. ಹೆಜ್ಜೇನು ಎತ್ತರದ ಕೊಂಬೆಗೋ ಬಂಡೆಗೋ ಬಯಲಲ್ಲೇ ಒಂದು ದೊಡ್ಡ ಎರಿ (ಮೇಣದ ಹುಟ್ಟು) ಕಟ್ಟುತ್ತದೆ. ತುಡುವೆಯದ್ದು ಪೊಟರೆಯೊಳಗೆ ಸಾಲುಸಾಲು ಎರಿ. ಕೋಲುಜೇನು ಕಡ್ಡಿಯ ಸುತ್ತ ಅಂಗೈಯಗಲದ ಒಂದೇ ಎರಿ ಇಡುತ್ತದೆ. ನಸರು ಕುಟುಕುವುದೇ ಇಲ್ಲ, ಮೇಣ ಮತ್ತು ಮರದ ಅಂಟಿನ ಪುಟ್ಟ ಕುಡಿಕೆಗಳಲ್ಲಿ ಜೇನುತುಪ್ಪ ತುಂಬಿಸುತ್ತದೆ. ಈ ನಾಲ್ಕು ಗೂಡುಗಳನ್ನೂ ಜೇಡಿಮಣ್ಣಿನಲ್ಲಿ ಮಾಡಿಸಿ. ಮಗುವಿಗೆ ನಿಂಬೆಹಣ್ಣಿನ ಗಾತ್ರದ ಎರಡು ಉಂಡೆ ಸಾಕು. ದಪ್ಪ ಮಾಡಿದರೆ ನಮ್ಮ ಮಳೆಗಾಲದಲ್ಲಿ ಒಣಗದೆ ಬೂಷ್ಟು ಹಿಡಿಯುತ್ತದೆ. ಇಂಟರ್ನೆಟ್ಟಿನಿಂದ ಚಿತ್ರ ಇಳಿಸುವಾಗ ಎಚ್ಚರ, ಅಲ್ಲಿ ಸುಲಭಕ್ಕೆ ಸಿಗುವುದು ಯುರೋಪಿನ ನೊಣ ಮತ್ತು ಮರದ ಪೆಟ್ಟಿಗೆ. ರುಚಿಗೆ ತಲಾ ಅರ್ಧ ಚಮಚ ಜೇನು ಕೊಡಬಹುದು. ತಾಯಿಯ ಕಂಕುಳಲ್ಲಿ ಬಂದ, ವರ್ಷ ತುಂಬದ ಕೂಸಿಗೆ ಮಾತ್ರ ನೆಕ್ಕಿಸಲೇಬಾರದು. ಜೇನಿನಲ್ಲಿ ಇರಬಹುದಾದ ಒಂದು ರೋಗಾಣು ಆ ವಯಸ್ಸಿನ ಕರುಳಿನಲ್ಲಿ ಬೆಳೆದು ವಿಷ ಉಂಟುಮಾಡುತ್ತದೆ.

ಗೆಣಸು ಅಗೆಯುವ ಆಟ ಮಕ್ಕಳಿಗೆ ಇನ್ನೂ ಇಷ್ಟ. ಒಂದು ಅಡಿ ಆಳದ ಪೆಟ್ಟಿಗೆಗೆ ಮಣ್ಣು, ಮರಳು ಬೆರೆಸಿ ತುಂಬಿ, ಅರ್ಧ ಅಡಿ ಕೆಳಗೆ ಸಿಹಿಗೆಣಸು ಹೂತಿಡಿ. ಮೊನೆ ಉಜ್ಜಿ ಮೊಂಡು ಮಾಡಿದ ಒಂದೂವರೆ ಅಡಿಯ ಕೋಲು ಕೊಡಿ. ಪೆಟ್ಟಿಗೆಗೆ ನಾಲ್ಕೇ ಮಕ್ಕಳು. ಐದನೆಯವನು ಬಂದರೆ ಕೋಲು ಪಕ್ಕದವನ ಕಣ್ಣಿಗೆ. ಕಾಡುಗೆಣಸು ಅಗೆಯುವವರು ಬಳ್ಳಿಯ ಬುಡವನ್ನು ಮತ್ತೆ ಮಣ್ಣಿಗೇ ಬಿಡುತ್ತಾರೆ, ಮುಂದಿನ ವರ್ಷಕ್ಕೆ ಅದು ಚಿಗುರಬೇಕಲ್ಲ. ಮಕ್ಕಳ ಕೈಯಲ್ಲೂ ಒಂದು ತುಂಡನ್ನು ಹೂಳಿಸಿ, ಚಿಗುರುವವರೆಗೆ ನೀರು ಹಾಕಿಸಿ. ಕಾಡಿನ ಗೆಣಸನ್ನೇ ತರುವ ಉತ್ಸಾಹ ಬೇಡ. ಕೆಲವು ಜಾತಿಯವು ಸರಿಯಾಗಿ ಹದಮಾಡದಿದ್ದರೆ ವಿಷ, ಗುರುತು ಬಲ್ಲವರು ಹಾಡಿಯ ಹಿರಿಯರೇ.

ಬೆಟ್ಟಕುರುಬರ ಬುಟ್ಟಿ ಹೆಣಿಗೆಯನ್ನು ಬಿದಿರಿನ ಸೀಳಿನಲ್ಲಿ ಮಾಡಿಸಿದರೆ ಬೆರಳು ಕೊಯ್ಯುತ್ತದೆ. ಹೆಣೆಯುವವರು ಎದುರು ಕೂತು ಬಿದಿರಿನಲ್ಲೇ ಹೆಣೆಯಲಿ, ಮಕ್ಕಳ ಕೈಗೆ ಒಂದು ಇಂಚು ಅಗಲದ ರಟ್ಟಿನ ಪಟ್ಟಿ ಇರಲಿ. ಯರವರ ದುಡಿ ಎಂಬ ಪುಟ್ಟ ವಾದ್ಯದ ಬಡಿತಕ್ಕಂತೂ ಏನೂ ಹೇಳಿಕೊಡಬೇಕಿಲ್ಲ, ಕಾಲು ತಾನೇ ಎದ್ದು ಕುಣಿಯುತ್ತದೆ. ಆದರೆ ಎಲ್ಲ ಹಾಡೂ ಎಲ್ಲ ಹೊತ್ತಿನದ್ದಲ್ಲ. ಸಾವಿನದ್ದು, ದೇವರದ್ದು ಬೇರೆ ಇರುತ್ತವೆ. ಯಾವುದನ್ನು ಶಾಲೆಯಲ್ಲಿ ಹಾಡಬಹುದೆಂದು ಹಿರಿಯರೇ ಹೇಳಲಿ. ದೇವರನ್ನೇ ಬೈಯುತ್ತ ಕುಣಿಯುವ ದೇವರಪುರದ ಕುಂಡೆ ಹಬ್ಬವನ್ನು ವೇದಿಕೆಗೆ ತರುವುದಂತೂ ಬೇಡವೇ ಬೇಡ. ಆ ಬೈಗುಳ ಅವರಿಗೂ ಅವರ ದೇವರಿಗೂ ಇರುವ ಲೆಕ್ಕ.

ಜೇನುಕುರುಬ, ಬೆಟ್ಟಕುರುಬ, ಯರವ, ಸೋಲಿಗ, ಕುಡಿಯ ಎಲ್ಲರನ್ನೂ ‘ಕಾಡುಜನ’ ಎಂದು ಒಂದೇ ಪಾಠಕ್ಕೆ ಸುರಿಯುವುದು ಮತ್ತೊಂದು ತಪ್ಪು. ನುಡಿ, ದೇವರು, ಕಸುಬು ಬೇರೆಬೇರೆ. ಶಾಲೆಗೆ ಹತ್ತಿರದ ಹಾಡಿ ಯಾರದ್ದೋ ಅವರಿಂದ ಶುರು ಮಾಡಿ. ನೀರು, ಅನ್ನ, ಅಜ್ಜಿ, ಮಳೆ, ಆನೆ, ಹೀಗೆ ಹತ್ತು ಪದಗಳನ್ನು ಅಲ್ಲಿನ ಅಜ್ಜಿಯ ದನಿಯಲ್ಲೇ ಮೊಬೈಲಿಗೆ ಹಿಡಿದು, ಚಿತ್ರ ತೋರಿಸಿ ಆಡಿಸಿ. ಆ ದಿನ ಹಾಡಿಯ ಮಗುವೇ ಮೇಷ್ಟ್ರು, ಉಳಿದವರ ಉಚ್ಚಾರ ತಿದ್ದಲಿ. ಆದರೆ ನಾಚಿಕೊಳ್ಳುವ ಮಗುವನ್ನು ಎಳೆದು ನಿಲ್ಲಿಸಬೇಡಿ. ಪದಕ್ಕೆ ಪರೀಕ್ಷೆಯೂ ಬೇಡ.

ಒಮ್ಮೆಗೆ ಇಪ್ಪತ್ತು ನಿಮಿಷ, ವಾರಕ್ಕೊಂದು ಚಟುವಟಿಕೆ ಸಾಕು. ಹಿರಿಯರನ್ನು ಕರೆಸಲು ಅಕ್ಟೋಬರ್, ನವೆಂಬರ್ ಒಳ್ಳೆಯ ಕಾಲ. ಡಿಸೆಂಬರ್ ಬಂದರೆ ಕಾಫಿ ಕೊಯ್ಲು, ಕೂಲಿ ಬಿಟ್ಟು ಯಾರೂ ಬರಲಾರರು. ಸಮಯ ಬೆಳಗ್ಗೆ 10ರಿಂದ ಮಧ್ಯಾಹ್ನ 3ರೊಳಗೆ ಇರಲಿ, ಆಮೇಲೆ ದಾರಿಯಲ್ಲಿ ಆನೆ ಕಾಟ. ಬಂದವರಿಗೆ ಶಾಲು, ಹಾರ ಬೇಕಿಲ್ಲ; ತೋಟದ ಒಂದು ದಿನದ ಕೂಲಿಗೆ ಕಡಿಮೆಯಿಲ್ಲದ ಗೌರವಧನವನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅದೇ ದಿನ ಕೈಗೆ ಕೊಡಲಿ. ಬಿಲ್ಲು ಪಾಸಾಗಲಿ, ಮುಂದಿನ ತಿಂಗಳು ನೋಡೋಣ ಎಂದರೆ ಎರಡನೇ ಸಲ ಅವರು ಬರುವುದಿಲ್ಲ.

– ಒಬ್ಬ ನಲಿ-ಕಲಿ ಶಿಕ್ಷಕಿ, ಪೊನ್ನಂಪೇಟೆ ತಾಲ್ಲೂಕು