ಡಿಪಿ ಬಾಕ್ಸ್‌ಗೆ ಅರ್ಥಿಂಗ್ ಹಾಕಿಸಿ: ಸಂಸದರಿಗೊಂದು ಬಹಿರಂಗ ಪತ್ರ

ನಮ್ಮ ಕ್ಷೇತ್ರದ ಮಾನ್ಯ ಸಂಸದರಿಗೆ ನಮಸ್ಕಾರ.

ನಾನು ಮಲೆನಾಡಿನ ತೋಟದ ಮನೆಯವನು. ಇಲ್ಲಿ ಮೊಬೈಲ್ ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಬೇಕು. ಇಂಟರ್ನೆಟ್‌ಗೆ ಹಳೇ ಟೆಲಿಫೋನ್ ತಂತಿಯೇ ಗತಿ. ಯುಗಾದಿ ಕಳೆದ ಮೇಲೊಮ್ಮೆ, ದೀಪಾವಳಿ ಹೊತ್ತಿಗೆ ಇನ್ನೊಮ್ಮೆ ಗುಡುಗಿನ ಕಾಟ. ಪ್ರತಿ ವರ್ಷ ಮೋಡೆಮ್ ಸುಡುತ್ತದೆ. ಪ್ರತಿ ವರ್ಷ ಹೊಸದು ತರುತ್ತೇವೆ.

ಕಳೆದ ದೀಪಾವಳಿ ಹೊತ್ತಿಗೆ ಮಗಳ ಕಂಪ್ಯೂಟರೂ ಹೋಯಿತು. ಮನೆಯಿಂದಲೇ ಕೆಲಸ ಮಾಡುವವಳು. ಸಿಡಿಲು ಬಿದ್ದದ್ದು ನಮ್ಮ ಮನೆಗಲ್ಲ, ಎಲ್ಲೋ ಆಚೆ ಗುಡ್ಡಕ್ಕೆ. ತಂತಿ ಹಿಡಿದು ಬಂದು ಮೋಡೆಮ್ ಹೊಕ್ಕಿತು. ಅಲ್ಲಿಂದ ನೆಟ್‌ವರ್ಕ್ ಕೇಬಲ್‌ನಲ್ಲಿ ಕಂಪ್ಯೂಟರ್‌ಗೆ ನುಗ್ಗಿತು. ಸ್ಪೈಕ್ ಬಸ್ಟರ್ ಇತ್ತು ಸ್ವಾಮಿ. ಅದು ಕಾಯುವುದು ಕರೆಂಟಿನ ದಾರಿಯನ್ನು, ಫೋನ್ ತಂತಿಯನ್ನಲ್ಲ. ಮದರ್‌ಬೋರ್ಡ್ ಕರಕಲು. ಕೆಲಸ ಕೊಟ್ಟವರು ಗುಡುಗಿನ ಕತೆ ಎಷ್ಟು ದಿನ ಕೇಳುತ್ತಾರೆ?

ರಿಪೇರಿಗೆ ಬಂದ ಲೈನ್‌ಮನ್ ಜೊತೆ ಕಂಬದ ತನಕ ನಾನೂ ಹೋದೆ. ಫೋನ್ ತಂತಿಗಳನ್ನು ಮನೆಮನೆಗೆ ಹಂಚುವ ಪೆಟ್ಟಿಗೆ ಅಲ್ಲಿದೆ, ಅದೇ ಡಿಪಿ ಬಾಕ್ಸ್. ಅದರಲ್ಲಿ ಜಿಡಿ ಟ್ಯೂಬ್, ಅಂದರೆ ಸಿಡಿಲಿನ ಹೊಡೆತ ತಡೆಯುವ ಅನಿಲ ತುಂಬಿದ ಪುಟ್ಟ ಕೊಳವೆ, ಇರಬೇಕು. ಲೈನಿನಲ್ಲಿ ಇರುವುದು 48 ವೋಲ್ಟ್. ಸಿಡಿಲಿಗೆ ಅದು ನೂರಾರು ವೋಲ್ಟ್‌ಗೆ ಏರಿದ ಕೂಡಲೇ ಟ್ಯೂಬ್ ಅದನ್ನು ನೆಲಕ್ಕೆ ಇಳಿಸಬೇಕು. ನಮ್ಮ ಬಾಕ್ಸ್‌ನಲ್ಲಿ ಟ್ಯೂಬೇ ಇಲ್ಲ! ಕೆಟ್ಟಿತ್ತಂತೆ, ಕಿತ್ತು ತಂತಿಯನ್ನು ನೇರ ಜೋಡಿಸಿದ್ದಾರೆ. ಅರ್ಥಿಂಗ್ ತಂತಿ ನೆಲ ಮುಟ್ಟಿಲ್ಲ. ಕಂಬಕ್ಕೆ ಸುಮ್ನೆ ಸುತ್ತಿಟ್ಟಿದ್ದಾರೆ, ಅದರ ಮೇಲೆ ಕಾಡುಬಳ್ಳಿ ಹಬ್ಬಿದೆ.

ಟೆಲಿಫೋನ್ ಕಚೇರಿಯಲ್ಲಿ ಕೇಳಿದರೆ, ‘ಸಿಡಿಲಿಗೆ ನಾವೇನ್ ಮಾಡೋಣ? ಮೋಡ ಕಂಡ್ರೆ ವೈರ್ ಕಿತ್ತಿಡಿ’ ಎಂದರು. ಏಪ್ರಿಲ್, ಮೇನಲ್ಲಿ ಮಧ್ಯಾಹ್ನವಾದರೆ ಮೋಡವೇ ಅಲ್ವಾ? ಹಾಗಾದರೆ ಅರ್ಧ ದಿನದ ಬಿಲ್ ಕಳಿಸ್ತೀರಾ ಎಂದೆ. ಉತ್ತರವಿಲ್ಲ. ಬಿಲ್ ಮಾತ್ರ ಯಾವ ಸಿಡಿಲಿಗೂ ಹೆದರದೆ ಬರುತ್ತದೆ.

ಇನ್ನೊಬ್ಬರು ‘ಫೈಬರ್ ಬರುತ್ತೆ, ಕಾಯಿರಿ’ ಎಂದರು. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ, ಒಪ್ಪಿದೆ. ಆದರೆ 2011ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಯೋಜನೆ, ಈಗಿನ ಭಾರತ್‌ನೆಟ್, ಎಳೆ ಒಯ್ಯಲು ಹೊರಟದ್ದು ಗ್ರಾಮ ಪಂಚಾಯ್ತಿ ತನಕ. ಅಲ್ಲಿಂದ ನಮ್ಮ ತೋಟಕ್ಕೆ ಇನ್ನೂ ತಾಮ್ರವೇ.

ಕೇಳುವುದು ಇಷ್ಟೇ. ಟ್ಯೂಬ್ ಹಾಕಿಸಿ, ಅರ್ಥಿಂಗ್ ಮಾಡಿಸಿ. ನಮ್ಮದೊಂದಕ್ಕೇ ಅಲ್ಲ, ಊರಿನ ಎಲ್ಲ ಡಿಪಿ ಬಾಕ್ಸ್‌ಗೂ. ಹಿಂದೆ ಮನವಿ ಕೊಟ್ಟಾಗ ‘ಪರಿಶೀಲಿಸಲಾಗುವುದು’ ಎಂದು ಪತ್ರ ಬಂದಿತ್ತು. ಪರಿಶೀಲನೆ ನಾನೇ ಮಾಡಿದ್ದೇನೆ, ಮೇಲೆ ಬರೆದಿದ್ದೇನೆ. ಯುಗಾದಿಗೆ ಮುಂಚೆ ಟ್ಯೂಬ್ ಹಾಕಿಸಿ, ಅರ್ಥಿಂಗ್ ಮಾಡಿಸಿ.

ಇತಿ,
ಬಿಲ್ ತಪ್ಪದೆ ಕಟ್ಟುವ ಒಬ್ಬ ಮತದಾರ